ವಯಸ್ಸಾದವರ ಸೊಂಟಕ್ಕೆ ಸಿಮೆಂಟ್ ಎಂದರೆ ಮೂಗು ಮುರಿಯಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮರ ಬಿದ್ದರೆ, ಬರೆ ಕುಸಿದರೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅಂಗಳದ ಪಾಚಿಯ ಮೇಲೆ ಜಾರಿ ಬೀಳುವ ಮುದುಕರ ಸುದ್ದಿ ಅವರವರ ಮನೆಯೊಳಗೇ ಉಳಿಯುತ್ತದೆ. ಕಳೆದ ಕಕ್ಕಡದ ಮಳೆಯಲ್ಲಿ 82 ವರ್ಷದ ನನ್ನ ತಾಯಿ ಬಚ್ಚಲುಮನೆಯ ಕಲ್ಲುಮೆಟ್ಟಿಲಿನ ಮೇಲೆ ಬಿದ್ದರು. ನಾನು ಓಡಿ ಬಂದು ನೋಡಿದಾಗ ಬಲಗಾಲು ಎಡಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡವಾಗಿ ಕಾಣುತ್ತಿತ್ತು, ಪಾದ ಹೊರಕ್ಕೆ ವಾಲಿತ್ತು. ತೋಟದ ದಾರಿಗೆ ಆಂಬುಲೆನ್ಸ್ ಬರುವಂತಿರಲಿಲ್ಲ. ಹಲಗೆಯ ಮೇಲೆ ಮಲಗಿಸಿ, ಪಕ್ಕದ ಮನೆಯವರ ಜೀಪಿನಲ್ಲಿ ಮುಖ್ಯರಸ್ತೆ ತಲುಪಿಸಿ, ಅಲ್ಲಿಂದ ಮೈಸೂರಿಗೆ ಒಯ್ದೆವು.

ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ‘ಬಾಲ್ ಬದಲಿಸಬೇಕು, ಸಿಮೆಂಟ್ ಹಾಕಿ ಕೂರಿಸುತ್ತೇವೆ’ ಎಂದರು ವೈದ್ಯರು. ಬಾಲ್ ಎಂದರೆ ಸೊಂಟದ ಕೀಲಿನಲ್ಲಿ ಕೂರುವ ತೊಡೆಮೂಳೆಯ ಗುಂಡು ತಲೆ; ಅದರ ಬದಲು ಹಾಕುವ ಗುಂಡಿಗೆ ಮೂಳೆಯೊಳಗೆ ಇಳಿಸುವ ಲೋಹದ ದಂಡವಿರುತ್ತದೆ. ಸಿಮೆಂಟ್ ಎಂಬ ಆ ಒಂದು ಶಬ್ದಕ್ಕೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪು ರಾತ್ರಿಯಿಡೀ ಎಚ್ಚರವಾಗಿತ್ತು. ‘ಅಣ್ಣಾ, ಅದು ಹಳೆಯ ಪದ್ಧತಿ. ದುಡ್ಡು ಎಷ್ಟಾದರೂ ಆಗಲಿ, ಸಿಮೆಂಟ್ ಇಲ್ಲದ್ದನ್ನೇ ಹಾಕಲು ಹೇಳು’ ಎಂದು ಬೆಂಗಳೂರಿನಿಂದ ತಮ್ಮ. ‘ಅಕ್ಕನ ಸೊಂಟವೇನು ದನದ ಕೊಟ್ಟಿಗೆಯ ನೆಲವೇ?’ ಎಂದು ಚಿಕ್ಕಮ್ಮ. ಆಮೇಲೆ ವಿಚಾರಿಸಿದರೆ ಇದೇ ಮಾತು ಊರಿನ ಅನೇಕ ಮನೆಗಳಲ್ಲಿ ನಡೆದಿದೆ. ಅದಕ್ಕೇ ಈ ಪತ್ರ.

ಇದು ಗೋಡೆ ಕಟ್ಟುವ ಸಿಮೆಂಟ್ ಅಲ್ಲವೇ ಅಲ್ಲ. ಹಲ್ಲಿನ ಸೆಟ್ ಮಾಡಲು ಬಳಸುವ ಅಕ್ರಿಲಿಕ್ ಜಾತಿಯದು. ಒಂದು ಪುಡಿ, ಒಂದು ದ್ರವ. ಎರಡನ್ನೂ ಕಲಸಿದರೆ ಹಿಟ್ಟಿನಂತಾಗಿ, ಬಿಸಿಯೇರಿ, ಸುಮಾರು ಕಾಲು ಗಂಟೆಯೊಳಗೆ ಕಲ್ಲಾಗುತ್ತದೆ. ಅಂಟಿನ ಹಾಗೆ ಅಂಟುವುದಿಲ್ಲ; ಮೂಳೆಯೊಳಗಿನ ಸ್ಪಂಜಿನಂಥ ಸಂದುಗಳಿಗೆ ಇಳಿದು ಲೋಹದ ದಂಡವನ್ನು ಕಚ್ಚಿ ಹಿಡಿಯುತ್ತದೆ. ಸಿಮೆಂಟ್ ಇಲ್ಲದ ಬಗೆಯಲ್ಲಿ ಒರಟು ಮೈಯ ದಂಡವನ್ನು ಮೂಳೆಯ ಕೊಳವೆಯೊಳಗೆ ಬಿಗಿಯಾಗಿ ಬಡಿದು ಕೂರಿಸುತ್ತಾರೆ, ಮೂಳೆ ಬೆಳೆದು ಅದನ್ನು ಹಿಡಿದುಕೊಳ್ಳಬೇಕು. ಬೇಲಿಕಂಬ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿ ನೆಲದಲ್ಲಿ ಗುದ್ದಿ ಕೂರಿಸಿದ ಕಂಬವೂ ನಿಲ್ಲುತ್ತದೆ, ಸಡಿಲ ಮಣ್ಣಾದರೆ ಗುಂಡಿಗೆ ಕಾಂಕ್ರೀಟ್ ಬೇಕು. ಎಂಬತ್ತರ ಮೂಳೆ ತೆಳ್ಳಗಾಗಿರುತ್ತದೆ. ಬಡಿಯುವಾಗಲೋ, ಆಮೇಲೆ ಇನ್ನೊಮ್ಮೆ ಜಾರಿದಾಗಲೋ ದಂಡದ ಸುತ್ತಲೇ ಸೀಳುವ ಭಯ ಹೆಚ್ಚು. ಹಾಗೆ ಸೀಳಿದರೆ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ. ಆ ವಯಸ್ಸಿನ ದೇಹ ಅದನ್ನು ತಡೆದುಕೊಳ್ಳುವುದು ಕಷ್ಟ.

ಹಳೆಯದು ಎಂಬ ತಮ್ಮನ ಮಾತೇನೋ ನಿಜ. ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಜಾನ್ ಚಾರ್ನ್ಲಿ ಇದನ್ನು ಬಳಕೆಗೆ ತಂದದ್ದು 1950ರ ದಶಕದ ಕೊನೆಯಲ್ಲಿ. ಆದರೆ ಹಳೆಯದಾಗಿರುವುದರಿಂದಲೇ ಇದರ ಗುಣದೋಷಗಳ ದೊಡ್ಡ ಲೆಕ್ಕ ನಮ್ಮ ಮುಂದಿದೆ. ಸ್ವೀಡನ್ 1979ರಿಂದಲೂ, ಇಂಗ್ಲೆಂಡ್ 2003ರಿಂದಲೂ ಹಾಕಿದ ಕೀಲುಗಳನ್ನು ದಾಖಲಿಸುತ್ತ ಬಂದಿವೆ. ಇಂಥ ದಾಖಲೆಗಳಲ್ಲಿ 75 ದಾಟಿದವರ ವಿಷಯಕ್ಕೆ ಬಂದರೆ, ತೊಡೆಯ ದಂಡಕ್ಕೆ ಸಿಮೆಂಟ್ ಹಾಕಿಸಿಕೊಂಡವರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗುವುದು ಕಡಿಮೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪರೀಕ್ಷೆ ನನ್ನ ತಾಯಿಯಂಥವರ ಮೇಲೆಯೇ ನಡೆದದ್ದು: ಸೊಂಟ ಮುರಿದು ಬಾಲ್ ಬದಲಿಸಬೇಕಾದ, 60 ದಾಟಿದ 1225 ಮಂದಿ. ಒಂದು ಗುಂಪಿಗೆ ಸಿಮೆಂಟ್ ಹಾಕಿದ ದಂಡ, ಇನ್ನೊಂದಕ್ಕೆ ಸಿಮೆಂಟ್ ಇಲ್ಲದ್ದು. ದಂಡದ ಸುತ್ತ ಮೂಳೆ ಮುರಿದದ್ದು ಸಿಮೆಂಟ್ ಗುಂಪಿನಲ್ಲಿ ಶೇ 0.5, ಇನ್ನೊಂದರಲ್ಲಿ ಶೇ 2.1. ನಾಲ್ಕು ತಿಂಗಳಿಗೆ ಬದುಕಿನ ಗುಣಮಟ್ಟವೂ ಸಿಮೆಂಟ್ ಗುಂಪಿನಲ್ಲಿ ತುಸು ಮೇಲು. ವರ್ಷದೊಳಗೆ ತೀರಿಕೊಂಡವರು ಸಿಮೆಂಟ್ ಗುಂಪಿನಲ್ಲಿ ಶೇ 23.9, ಇನ್ನೊಂದರಲ್ಲಿ ಶೇ 27.8. ಇಷ್ಟು ಅಂತರದಿಂದ ಸಿಮೆಂಟ್ ಜೀವ ಉಳಿಸುತ್ತದೆ ಎನ್ನಲಾಗದು. ಆದರೆ ಈ ಮುರಿತ ಎಷ್ಟು ಗಂಭೀರವೆಂಬುದು ಆ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

‘ಸಿಮೆಂಟ್ ಹಾಕಿದ್ದಕ್ಕೇ ಪರಿಚಯದವರೊಬ್ಬರ ಅತ್ತೆ ಆಪರೇಷನ್ ಟೇಬಲ್ ಮೇಲೆಯೇ ಹೋದರು’ ಎಂದು ಗುಂಪಿನಲ್ಲಿ ಯಾರೋ ಹಾಕಿದ್ದರು. ಪೂರಾ ಸುಳ್ಳೆನ್ನಲಾರೆ. ಸಿಮೆಂಟ್ ಒತ್ತುವ ಹೊತ್ತಿನಲ್ಲಿ ಕೆಲವರ ರಕ್ತದೊತ್ತಡವೂ ಆಮ್ಲಜನಕವೂ ಏಕಾಏಕಿ ಇಳಿಯುತ್ತವೆ, ಅಪರೂಪಕ್ಕೆ ಪ್ರಾಣವೂ ಹೋಗುತ್ತದೆ. ಹೃದಯ, ಶ್ವಾಸಕೋಶ ದುರ್ಬಲವಾಗಿರುವವರಿಗೆ ಅಪಾಯ ಹೆಚ್ಚು. ಆದ್ದರಿಂದ ವೈದ್ಯರನ್ನು ಕೇಳಬೇಕಾದದ್ದು ‘ಇಂಪೋರ್ಟೆಡ್ ಇದೆಯಾ, ಇನ್ನೂ ದುಬಾರಿಯದ್ದು ಇದೆಯಾ’ ಎಂದಲ್ಲ. ಇವರ ಮೂಳೆಗೆ ಯಾವುದು, ಏಕೆ, ಅರಿವಳಿಕೆ ವೈದ್ಯರು ಇವರ ಹೃದಯ ನೋಡಿದ್ದಾರೆಯೇ ಎಂದು ಕೇಳಬೇಕು. ಐವತ್ತೈದರ ಗಟ್ಟಿ ಮನುಷ್ಯ ಸವೆದ ಕೀಲು ಬದಲಿಸಿಕೊಳ್ಳುವುದಾದರೆ ಉತ್ತರ ಬೇರೆಯೇ ಇರಬಹುದು. ಸಿಮೆಂಟಿನ ದಂಡ ಸಾಮಾನ್ಯವಾಗಿ ಅಗ್ಗ. ಅಗ್ಗವಾದದ್ದು ತಾಯಿಗೆ ಸಲ್ಲದು ಎಂಬ ನಮ್ಮ ಪ್ರೀತಿಯೇ ಇಲ್ಲಿ ದಾರಿ ತಪ್ಪಿಸುತ್ತದೆ.

ತಾಯಿ ಮರುದಿನವೇ ವಾಕರ್ ಹಿಡಿದು ನಿಂತರು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಆದರೆ ನನ್ನ ಜಗಳ ಇನ್ನೊಂದು ವಿಷಯಕ್ಕಿದೆ. ಬಿಡುಗಡೆ ಚೀಟಿಯಲ್ಲಿ ಬರೆದದ್ದು ‘ಬಲ ಸೊಂಟದ ಶಸ್ತ್ರಚಿಕಿತ್ಸೆ’ ಎಂದಷ್ಟೇ. ಯಾವ ಕಂಪನಿಯ ಕೀಲು, ಯಾವ ಅಳತೆ, ಸಿಮೆಂಟ್ ಹಾಕಿದೆಯೋ ಇಲ್ಲವೋ, ಒಂದೂ ಇಲ್ಲ. ಪ್ರತಿ ಕೀಲಿನ ಡಬ್ಬಿಯೊಳಗೆ ಅದರ ಸಂಖ್ಯೆಯಿರುವ ಸ್ಟಿಕ್ಕರ್ ಬರುತ್ತದೆ. ಅದರ ಒಂದು ಪ್ರತಿಗಾಗಿ ಎರಡು ಸಲ ಮೈಸೂರಿಗೆ ಹೋಗಿಬಂದೆ. ನಾಳೆ ತಾಯಿ ಮತ್ತೆ ಬಿದ್ದರೆ, ಹತ್ತಿರ ಸಿಕ್ಕಿದ ಆಸ್ಪತ್ರೆಯ ವೈದ್ಯರಿಗೆ ಮೊದಲು ಬೇಕಾಗುವುದೇ ಆ ಚೀಟಿ. ಜಿಲ್ಲಾ ಆರೋಗ್ಯ ಇಲಾಖೆ ಇದನ್ನು ಓದುತ್ತಿದ್ದರೆ, ಹೊರಗಿನ ಊರಿನಲ್ಲಿ ಕೀಲು ಬದಲಿಸಿಕೊಂಡು ಬರುವ ಕೊಡಗಿನ ಹಿರಿಯರ ಕೈಗೆ ಈ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಸಿಗುವಂತೆ ಸಂಬಂಧಪಟ್ಟವರಿಗೆ ಬರೆಯಲಿ. ನನ್ನ ತಾಯಿಯದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಆಧಾರ್ ಕಾರ್ಡಿನ ಜೊತೆಗಿಟ್ಟಿದ್ದೇನೆ. ಬಚ್ಚಲಿನ ಮೆಟ್ಟಿಲಿಗೆ ಕೈಹಿಡಿ ಹಾಕಿಸಿದ್ದೇನೆ. ಅದಕ್ಕೆ ಮಾತ್ರ ನಿಜವಾದ ಸಿಮೆಂಟ್.

– ನಿವೃತ್ತ ವಿಜ್ಞಾನ ಶಿಕ್ಷಕ, ಪೊನ್ನಂಪೇಟೆ