ಒಪ್ಪಂದದ ಕಾಗದದಲ್ಲಿ ಹೆಂಗಸರ ಹೆಸರೂ ಇರಲಿ

ಮಾನ್ಯರೇ,

ಹಾಸನ ಜಿಲ್ಲೆಯ ನಮ್ಮ ಕಡೆ ಮಿಡಿಸೌತೆಯನ್ನು (ಉಪ್ಪಿನಕಾಯಿಗೆ ಹಾಕುವ ಸಣ್ಣ ಸೌತೆ) ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಯುತ್ತಾರೆ. ಬೀಜ, ಗೊಬ್ಬರ, ಔಷಧಿಯನ್ನು ಕಂಪನಿಯವರೇ ಸಾಲವಾಗಿ ಕೊಡುತ್ತಾರೆ. ಕಾಯಿಯನ್ನು ಕಂಪನಿಗೆ ಹಾಕಿದ ಮೇಲೆ ಆ ಸಾಲ ಮುರಿದುಕೊಂಡು ಉಳಿದ ಹಣವನ್ನು ಖಾತೆಗೆ ಹಾಕುತ್ತಾರೆ. ಯಾರ ಖಾತೆಗೆ? ನನ್ನ ಮಾತು ಅದರ ಬಗ್ಗೆಯೇ.

ಇದು ಮೂರು ತಿಂಗಳ ಬೆಳೆ. ಬಿತ್ತಿ ತಿಂಗಳು ದಾಟಿದರೆ ಕಾಯಿ ಶುರು. ಆಮೇಲೆ ದಿನಾ ಬಿಡಿಸಲೇಬೇಕು. ಸಣ್ಣ ಕಾಯಿಗೇ ಜಾಸ್ತಿ ಬೆಲೆ. ಒಂದು ದಿನ ತಡವಾದರೂ ಕಾಯಿ ಬಲಿತು ಗ್ರೇಡ್ ಇಳಿಯುತ್ತದೆ. ಎಲೆ ಸರಿಸಿ, ಕಣ್ಣಳತೆಯಲ್ಲೇ ನೋಡಿ, ಬಳ್ಳಿಗೆ ನೋವಾಗದಂತೆ ಬಿಡಿಸುವವರು ಹೆಚ್ಚಾಗಿ ಹೆಂಗಸರು. ಬಳ್ಳಿಯ ಸುಂಕು ತಾಗಿ ಸಂಜೆಗೆ ಕೈಯೆಲ್ಲ ಉರಿ. ಒಳ್ಳೆ ರೇಟು ಸಿಕ್ಕಿತು ಅಂದರೆ ಅದು ಈ ಕೈಗಳ ದುಡಿಮೆ.

ಆದರೆ ಒಪ್ಪಂದಕ್ಕೆ ಸಹಿ ಹಾಕುವುದು ಜಮೀನಿನ ಪಹಣಿ ಯಾರ ಹೆಸರಲ್ಲಿದೆಯೋ ಅವರು. 2015–16ರ ಕೃಷಿ ಗಣತಿ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರದ್ದು ಸುಮಾರು 14. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು, ಇಡೀ ದೇಶಕ್ಕೆ 2005ರಲ್ಲಿ. ಪಾಲು ಕೇಳಿದರೆ ತವರಿನ ದಾರಿ ಮುಚ್ಚುತ್ತದೆ ಅಂತ ಹೆದರಿ ಹಕ್ಕು ಬಿಟ್ಟುಕೊಡುವವರು ಈಗಲೂ ಇದ್ದಾರೆ. ಗಂಡ ತೀರಿಕೊಂಡು ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗದಿದ್ದರಂತೂ ಹೊಲದಲ್ಲಿ ದುಡಿಯುವವಳಿಗೆ ಒಪ್ಪಂದವೇ ಸಿಗುವುದು ಕಷ್ಟ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಫೀಲ್ಡ್ ಆಫೀಸರ್ ಬಂದರೆ ಗಂಡಸರನ್ನು ಕರೆದು ಮಾತಾಡಿ ಹೋಗುತ್ತಾರೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಾಯಿ ಬಿಡಿಸಬೇಕು ಅನ್ನುವುದು ಬಿಡಿಸುವವರಿಗೇ ಗೊತ್ತಿರುವುದಿಲ್ಲ. ಬರಿಗೈಯಲ್ಲಿ ಆ ಎಲೆ ಮುಟ್ಟುವವರು ಅವರೇ ಅಲ್ವಾ?

ಜಮೀನಿನ ಹಕ್ಕು ಇವತ್ತೇ ಸರಿಹೋಗಲಿಕ್ಕಿಲ್ಲ. ಆದರೆ ಒಪ್ಪಂದದ ಕಾಗದ ಬದಲಾಯಿಸುವುದು ಅಷ್ಟು ಕಷ್ಟವಲ್ಲ. 2007ರ ರಾಷ್ಟ್ರೀಯ ರೈತರ ನೀತಿ ಸ್ವಂತ ಜಮೀನಿಲ್ಲದೆ ದುಡಿಯುವವರನ್ನೂ ರೈತರೆಂದೇ ಹೇಳಿದೆ. ಗಂಡ ಹೆಂಡತಿ ಇಬ್ಬರ ಸಹಿಯೂ ಇರಲಿ, ಹಣ ಜಂಟಿ ಖಾತೆಗೆ ಬರಲಿ. ತೂಕದ ಚೀಟಿಯಲ್ಲಿ ಗ್ರೇಡ್ ಮತ್ತು ಮುರಿದುಕೊಂಡ ಸಾಲವನ್ನು ಕನ್ನಡದಲ್ಲಿ ಬರೆದು ಕೊಡಲಿ. ತರಬೇತಿಯನ್ನು ಹೆಂಗಸರಿಗೆ ಬಿಡುವಿರುವ ಹೊತ್ತಿನಲ್ಲಿ, ಹೊಲದಲ್ಲೇ ಕೊಡಲಿ. ತೋಟಗಾರಿಕೆ ಇಲಾಖೆಯವರು ಮುಂದಿನ ಬಿತ್ತನೆಗೆ ಮುಂಚೆ ಕಂಪನಿಯವರನ್ನೂ ಬೆಳೆಗಾರ ಮಹಿಳೆಯರನ್ನೂ ಒಟ್ಟಿಗೆ ಕೂರಿಸಿ ಇದನ್ನು ಮಾತಾಡಬೇಕು ಎಂದು ಕೇಳಿಕೊಳ್ಳುತ್ತೇನೆ.

– ರೈತ ಮಹಿಳೆ, ಹೊಳೆನರಸೀಪುರ ತಾಲ್ಲೂಕು