ಕಣ್ಣು ತೆರೆದೇ ಕುಳಿತುಕೋ

ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ.

ಧ್ಯಾನ ಶಿಬಿರದಲ್ಲಿ ಕಣ್ಣು ಬಿಟ್ಟುಕೊಂಡು ಕುಳಿತಿದ್ದಕ್ಕೆ ನಿನ್ನನ್ನು ಎಲ್ಲರೆದುರು ಗದರಿಸಿದರೆಂದೂ, ಇನ್ನು ಧ್ಯಾನದ ಹೆಸರೆತ್ತಬೇಡ ಎಂದು ಅಮ್ಮನಿಗೆ ಹೇಳಿದೆಯೆಂದೂ ಬರೆದಿದ್ದೀಯೆ. ನೀನು ಕಣ್ಣು ಮುಚ್ಚದೆ ಇದ್ದದ್ದೇ ಸರಿ. ಸೂಚನೆಗಳೆಲ್ಲ ಧ್ವನಿವರ್ಧಕದಲ್ಲಿ ಬರುತ್ತಿದ್ದವು. ಉಸಿರು ಬಿಡು ಎಂದಾಗಲಿ, ಮುಗಿಯಿತು ಏಳು ಎಂದಾಗಲಿ ಕಿವಿ ಕೇಳಿಸದ ನಿನಗೆ ಹೇಳುವವರು ಯಾರು? ಕಿವಿ ಕೇಳುವವರು ಕಣ್ಣು ಮುಚ್ಚಿದರೂ ಅವರ ಕಿವಿ ಎಚ್ಚರವಾಗಿರುತ್ತದೆ. ಹಿಂದೆ ಯಾರು ಬಂದರು, ಬಾಗಿಲು ಯಾವಾಗ ತೆರೆಯಿತು ಎಂಬುದು ತಿಳಿಯುತ್ತಲೇ ಇರುತ್ತದೆ. ಕೇಳಿಸದ ನಿನಗೂ ನನಗೂ ಕಣ್ಣೇ ಕಾವಲು. ಗುರುತಿಲ್ಲದ ಜನರ ನಡುವೆ ಅದನ್ನು ಮುಚ್ಚು ಎಂದರೆ ಮನಸ್ಸು ಬೆದರದೆ ಇನ್ನೇನು ಮಾಡೀತು?

ಆದರೂ ಧ್ಯಾನವನ್ನು ಪೂರ್ತಿ ಬಿಡಬೇಡ ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಶಾಲೆಯಿಂದ ಬಂದವಳೇ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾಳೆ, ಮಾತನಾಡಿಸಿದರೆ ಸಿಡುಕುತ್ತಾಳೆ ಎಂದು ನಿನ್ನ ಅಮ್ಮ ದೂರುತ್ತಾಳೆ. ಅದು ಸೋಮಾರಿತನವಲ್ಲ, ದಣಿವು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಟೀಚರ್ 'ಬರ' ಎಂದರೋ 'ಮರ' ಎಂದರೋ ಎಂಬುದನ್ನು ಹಿಂದುಮುಂದಿನ ಮಾತಿನಿಂದ ಊಹಿಸಬೇಕು. ಕ, ಗ ಗಂಟಲ ಹತ್ತಿರವೇ ಹುಟ್ಟುವುದರಿಂದ ತುಟಿಯಲ್ಲಿ ಕಾಣುವುದೇ ಇಲ್ಲ. ಅಷ್ಟರಲ್ಲಿ ಟೀಚರ್ ಬೋರ್ಡಿನ ಕಡೆ ತಿರುಗಿಬಿಡುತ್ತಾರೆ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡುತ್ತದೆ, ಮಾತಷ್ಟನ್ನೇ ಹೆಕ್ಕಿ ಕೊಡುವುದಿಲ್ಲ. ದಿನವಿಡೀ ಹೀಗೆ ಊಹಿಸುತ್ತಾ ಕುಳಿತ ಹುಡುಗಿಗೆ ಸಂಜೆ ವಿಶ್ರಾಂತಿ ಬೇಕು. ಅದು ನಿದ್ದೆಯೊಂದರಿಂದಲೇ ಸಿಗುವುದಿಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಹಿಯರಿಂಗ್ ಏಡ್ ತೆಗೆದಿಟ್ಟು, ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು ಇರುವಂತೆ ಕುಳಿತುಕೋ. ಹಿಂದಿನಿಂದ ಯಾರೂ ಬರಲಾರರು ಎಂಬ ಧೈರ್ಯ ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಕರೆಯಬೇಕಾದರೆ ದೀಪದ ಸ್ವಿಚ್ ಒಮ್ಮೆ ಆರಿಸಿ ಹಾಕಬೇಕು, ಭುಜ ಹಿಡಿದು ಅಲುಗಾಡಿಸಬಾರದು ಎಂದು ಮನೆಯವರಿಗೆ ಮೊದಲೇ ಹೇಳಿಡು. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಕಂಪನ ಮಾತ್ರ ಬರುವಂತೆ ಮಾಡಿ ತೊಡೆಯ ಕೆಳಗೆ ಇಟ್ಟುಕೋ. ಆಮೇಲೆ ರೆಪ್ಪೆಯನ್ನು ಅರ್ಧ ಇಳಿಸಿ ನೆಲ ನೋಡು. ಜೆನ್ ಬೌದ್ಧರು ಹೀಗೆಯೇ ಕೂರುತ್ತಾರೆ. ಪೂರ್ತಿ ಮುಚ್ಚಲೇಬೇಕೆಂಬ ನಿಯಮವಿಲ್ಲ. ಒಂದು ಅಂಗೈ ಹೊಟ್ಟೆಯ ಮೇಲಿರಲಿ. ಉಸಿರಿಗೆ ಅದು ಏರಿ ಇಳಿಯುವುದನ್ನು ಗಮನಿಸು, ಸಾಕು.

ಭ್ರಾಮರಿ ಪ್ರಾಣಾಯಾಮವನ್ನೂ ಮಾಡಿ ನೋಡು. ತುಟಿ ಮುಚ್ಚಿ, ಉಸಿರು ಬಿಡುತ್ತಾ ಗಂಟಲಿನಿಂದ 'ಮ್' ಎಂದು ಎಳೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಕೆನ್ನೆಯ ಮೂಳೆಯ ಮೇಲೆ. ಮೊದಲು ಹಲ್ಲಿನ ಬುಡದಲ್ಲಿ ಜುಮ್ಮೆನ್ನುತ್ತದೆ, ಆಮೇಲೆ ಎದೆಗೂಡಿನೊಳಗೆ. ಸ್ವರ ತಗ್ಗಿಸಿದಷ್ಟೂ ನಡುಕ ಎದೆಗೆ ಇಳಿಯುತ್ತದೆ. ಕೇಳುವವರೂ ಭ್ರಾಮರಿ ಮಾಡುವಾಗ ಹೆಬ್ಬೆರಳಿನಿಂದ ಕಿವಿ ಮುಚ್ಚಿಕೊಳ್ಳುತ್ತಾರೆ, ಗಮನಿಸಿದ್ದೀಯಾ? ಆ ಅನುಭವದಲ್ಲಿ ನಿನಗೆ ಏನೂ ಕಡಿಮೆಯಾಗುವುದಿಲ್ಲ. ದೀಪದ ಕುಡಿಯನ್ನೇ ನೋಡುವ ತ್ರಾಟಕವನ್ನು ಕೆಲವರು ಹೇಳಿಕೊಡುತ್ತಾರೆ. ಕಣ್ಣೇ ದಣಿದಿರುವ ದಿನ ಅದು ಬೇಡ ಎನ್ನುತ್ತೇನೆ. ಕಿವಿಯೊಳಗೆ ಗುಂಯ್ ಎಂಬ ಸದ್ದು ಬಂದರೆ ಹೆದರಬೇಡ. ಕೇಳಿಸದವರಲ್ಲಿ ಬಹಳ ಮಂದಿಗೆ ಅದು ಇರುತ್ತದೆ. ಅದರ ಜೊತೆ ಜಗಳಕ್ಕಿಳಿಯದೆ ಗಮನವನ್ನು ಅಂಗೈಗೆ ತಂದುಕೋ.

ಈಗ ನಿನ್ನ ಕೋಪದ ವಿಷಯ. ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತು ನಗುತ್ತಾರೆ, ಏನು ಎಂದು ಕೇಳಿದರೆ 'ಏನಿಲ್ಲ, ಆಮೇಲೆ ಹೇಳುತ್ತೇನೆ' ಎನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಇದು ನಿನ್ನೊಬ್ಬಳ ಕಥೆಯಲ್ಲ. ಅಮೆರಿಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಿವುಡು ಮಕ್ಕಳು ಕೇಳುವ ತಂದೆತಾಯಿಯರ ಮನೆಯಲ್ಲಿ ಹುಟ್ಟಿದವರು. ಊಟದ ಹೊತ್ತಿನ ಈ ಒಂಟಿತನಕ್ಕೆ ಅಲ್ಲಿನ ಕಿವುಡರು ಒಂದು ಹೆಸರನ್ನೇ ಕೊಟ್ಟಿದ್ದಾರೆ. ಆ ಕೋಪ ನ್ಯಾಯವಾದದ್ದು. ಅದನ್ನು ನುಂಗಿಕೊಂಡು ಒಳ್ಳೆಯ ಹುಡುಗಿಯಾಗಿರು ಎಂಬ ಅರ್ಥದಲ್ಲಿ ನಾನು ಧ್ಯಾನ ಹೇಳಿಕೊಡುತ್ತಿಲ್ಲ, ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡ. ಎದೆ ಬಿಗಿದದ್ದು, ದವಡೆ ಕಚ್ಚಿಕೊಂಡದ್ದು ತಿಳಿದರೆ ತಟ್ಟೆ ತಳ್ಳಿ ಎದ್ದು ಹೋಗುವ ಬದಲು 'ಈಗಲೇ ಹೇಳಿ' ಎಂದು ಕೇಳುವಷ್ಟು ಸಮಾಧಾನ ನಿನ್ನಲ್ಲಿ ಉಳಿದೀತು. ನನಗೆ ಬೇಕಾದದ್ದು ಅಷ್ಟು.

ಉಳಿದದ್ದು ಮನೆಯವರ ಕೆಲಸ. ಮೆದುಳು ಜ್ವರದಿಂದ ನನ್ನ ಕಿವಿ ಹೋಗುವ ಹೊತ್ತಿಗೆ ನನಗೆ ಕನ್ನಡ ಮಾತು ಬಂದಿತ್ತು. ನೀನು ಹುಟ್ಟಿನಿಂದಲೇ ಕೇಳಿಸದವಳು, ನಿನಗೆ ಸನ್ನೆಯೇ ತಾಯ್ನುಡಿ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರು ಕಿವುಡು ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು ತೀರ್ಮಾನಿಸಿದರು, ಅದರ ನೆರಳು ನನ್ನ ಬಾಲ್ಯದವರೆಗೂ ಇತ್ತು. ಸನ್ನೆ ಮಾಡಿದ್ದಕ್ಕೆ ಕೈಗೆ ಪೆಟ್ಟು ತಿಂದಿದ್ದೇನೆ. ನಿನ್ನ ಕಾಲಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ 10,000 ಪದಗಳ ನಿಘಂಟು ವಿಡಿಯೊ ರೂಪದಲ್ಲಿ ಎಲ್ಲರಿಗೂ ಸಿಗುತ್ತದೆ. ದಿನಕ್ಕೆ ಐದು ಸನ್ನೆ ಕಲಿಯಬೇಕೆಂದು ನಿನ್ನ ಅಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ. ಅಕ್ಕನ ಮಾತನ್ನು ಅವಳು ತೆಗೆದುಹಾಕುವುದಿಲ್ಲ.

ಇನ್ನೊಂದು ಮಾತು, ಮನಸ್ಸಿಟ್ಟು ಓದು. ಕುಳಿತಷ್ಟೂ ಹಳೆಯ ನೋವೇ ಮೇಲೆ ಬರುತ್ತಿದ್ದರೆ ಎದ್ದುಬಿಡು, ಅಂಗಳದಲ್ಲಿ ಹೆಜ್ಜೆಯ ಮೇಲೆ ಗಮನವಿಟ್ಟು ನಡೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಧ್ಯಾನದಿಂದ ಸರಿಹೋದೀತೆಂದು ಕಾಯಬೇಡ. ಆ ದಿನವೇ ನನಗೆ ವಿಡಿಯೊ ಕರೆ ಮಾಡು, ಹೊತ್ತು ನೋಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅಮ್ಮ ನಿನ್ನ ಪರವಾಗಿ ಕರೆ ಮಾಡಲಿ. ಆಪ್ತಸಮಾಲೋಚಕರ ಬಳಿ ಹೋದಾಗ ದುಭಾಷಿ ಬೇಕೆಂದು ಕೇಳು. ಮನೆಯವರು ದುಭಾಷಿಯಾದರೆ ಕೆಲವು ಮಾತು ನಿನ್ನೊಳಗೇ ಉಳಿದುಬಿಡುತ್ತವೆ.

ನಾಳೆ ಸಂಜೆಯೇ ಶುರುಮಾಡು. ಭ್ರಾಮರಿಯಲ್ಲಿ ನಡುಕ ಎಲ್ಲಿ ಹೆಚ್ಚು ತಿಳಿಯಿತು ಎಂದು ಸನ್ನೆಯಲ್ಲೇ ವಿಡಿಯೊ ಮಾಡಿ ಕಳುಹಿಸು.

ನಿನ್ನ ಪ್ರೀತಿಯ,
ದೊಡ್ಡಮ್ಮ