ಗ್ರಹಣದ ಹೊತ್ತಿನ ಜೊತೆ ನಮ್ಮೂರ ಚಂದ್ರೋದಯವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಚಂದ್ರಗ್ರಹಣ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಆರಂಭ’ ಎಂದೊಂದು ಹೊತ್ತು, ‘ಅಂತ್ಯ’ ಎಂದೊಂದು ಹೊತ್ತು ಅಚ್ಚಾಗುತ್ತದೆ. ಎಷ್ಟೋ ಸಲ ಆ ಆರಂಭ ಅರೆನೆರಳಿನದಾಗಿರುತ್ತದೆ. 2025ರ ಸೆಪ್ಟೆಂಬರ್ 7ರ ಗ್ರಹಣದಲ್ಲಿ ಅರೆನೆರಳು ಶುರುವಾದದ್ದು ರಾತ್ರಿ 8.58ಕ್ಕೆ. ಅದನ್ನು ನಂಬಿ ಮಾಳಿಗೆ ಹತ್ತಿದವರಿಗೆ ಎಂದಿನ ಹುಣ್ಣಿಮೆಯ ಚಂದ್ರನೇ ಗತಿ. ಅರೆನೆರಳಿನಲ್ಲಿ ಭೂಮಿಯು ಸೂರ್ಯನ ಒಂದು ಪಾಲನ್ನಷ್ಟೇ ಮರೆಮಾಡಿರುತ್ತದೆ. ಚಂದ್ರ ಮಂಕಾದದ್ದು ಕಣ್ಣಿಗೆ ತಿಳಿಯಬೇಕಾದರೆ ದಟ್ಟ ನೆರಳು ತಾಗುವುದಕ್ಕೆ ಇನ್ನರ್ಧ ಗಂಟೆಯಷ್ಟೇ ಉಳಿದಿರಬೇಕು. ಅಂದು ದಟ್ಟ ನೆರಳು ತಾಗಿದ್ದು 9.57ಕ್ಕೆ. ಅಷ್ಟು ಹೊತ್ತು ಮಕ್ಕಳು ಎಲ್ಲಿ ಎಚ್ಚರವಿರುತ್ತಾರೆ?

ಈ ಒಂದು ವಿಷಯದಲ್ಲಿ ಪಂಚಾಂಗವೇ ನೆಟ್ಟಗಿದೆ. ಸ್ಪರ್ಶ ಎಂದರೆ ದಟ್ಟ ನೆರಳು ಅಂಚಿಗೆ ತಾಗುವುದು, ನಿಮೀಲನ ಎಂದರೆ ಚಂದ್ರ ಪೂರ್ತಿ ನೆರಳಿನೊಳಗೆ ಹೋಗುವುದು, ಆಮೇಲೆ ಮಧ್ಯ, ಉನ್ಮೀಲನ (ಚಂದ್ರನ ಅಂಚು ನೆರಳಿನಿಂದ ಹೊರಬರತೊಡಗುವುದು), ಮೋಕ್ಷ (ದಟ್ಟ ನೆರಳು ಪೂರ್ತಿ ಬಿಡುವುದು). ಐದೂ ಕಣ್ಣಿಗೆ ಕಾಣುವ ಘಟ್ಟಗಳು. (ಉಣ್ಣಬಾರದೆಂಬ ಕಟ್ಟಳೆ ಬೇರೆ ಮಾತು. ಚಂದ್ರನ ಮೇಲೆ ಬೀಳುವ ನೆರಳು ನಮ್ಮ ರೊಟ್ಟಿ-ಪಲ್ಯಕ್ಕೇನೂ ಮಾಡದು.) ಈ ಐದು ಹೊತ್ತುಗಳನ್ನು ಅಚ್ಚು ಹಾಕಿದರೆ ಸಾಕು.

ಆದರೆ ಚಂದ್ರೋದಯವೂ ಬೇಕು. ಗ್ರಹಣದ ಘಟ್ಟಗಳು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಆಗುತ್ತವೆ. ಊರಿಂದ ಊರಿಗೆ ಬದಲಾಗುವುದು ಆಗ ಚಂದ್ರ ಮೂಡಿದ್ದಾನೆಯೇ ಎಂಬುದು. 2026ರ ಮಾರ್ಚ್ 3ರದು ಪೂರ್ಣ ಚಂದ್ರಗ್ರಹಣವೇನೋ ಸರಿ. ಆದರೆ ಸ್ಪರ್ಶ ಮಧ್ಯಾಹ್ನ 3.20, ಉನ್ಮೀಲನ ಸಂಜೆ 5.33, ಮೋಕ್ಷ 6.48. ಕಲಬುರಗಿಯಲ್ಲಿ ಚಂದ್ರ ಮೂಡಿದ್ದು ಆರೂವರೆಯ ಸುಮಾರಿಗೆ. ಪಂಚಾಂಗದ ಮಾತಿನಲ್ಲಿ ಗ್ರಸ್ತೋದಯ, ಅಂದರೆ ಗ್ರಹಣ ಹಿಡಿದೇ ಮೂಡುವುದು. ನಮಗೆ ಸಿಕ್ಕಿದ್ದು ಹದಿನೈದಿಪ್ಪತ್ತು ನಿಮಿಷದ ಗ್ರಹಣ, ಅದೂ ಮುಸ್ಸಂಜೆಯ ಬೆಳಕಿನಲ್ಲಿ. ಮೋಕ್ಷದ ಹೊತ್ತಿಗೂ ಚಂದ್ರ ದಿಗಂತದಿಂದ ನಾಲ್ಕು ಡಿಗ್ರಿ ಮಾತ್ರ ಮೇಲಿದ್ದ: ಕೈ ಮುಂದೆ ಚಾಚಿದರೆ ಎರಡು ಬೆರಳಗಲ. ಇಂಥ ಗ್ರಹಣಕ್ಕೆ ಓಣಿಯ ಮಾಳಿಗೆ ಸಾಲದು. ಸೇಡಂ ರಸ್ತೆಯಲ್ಲಿ ಊರು ದಾಟಿ, ಮರ-ಕಟ್ಟಡವಿಲ್ಲದ ಹೊಲದಂಚಿಗೆ ಹೋಗಬೇಕು. ಬೀದರಿನಲ್ಲಿ ಇಲ್ಲಿಗಿಂತ ಮೂರು ನಿಮಿಷ, ಯಾದಗಿರಿಯಲ್ಲಿ ಒಂದು ನಿಮಿಷ ಮೊದಲು ಚಂದ್ರ ಮೂಡುತ್ತಾನೆ. ಇಪ್ಪತ್ತು ನಿಮಿಷವೂ ಇಲ್ಲದ ಗ್ರಹಣದಲ್ಲಿ ಮೂರು ನಿಮಿಷ ಕಡಿಮೆಯೇನಲ್ಲ.

ಮುಂದಿನದಕ್ಕೆ ಈಗಲೇ ಗುರುತು ಹಾಕಿಕೊಳ್ಳಬಹುದು. 2028ರ ಜುಲೈ 6ರ ರಾತ್ರಿ ಪಾರ್ಶ್ವ ಗ್ರಹಣವಿದೆ, ಆದರೆ ಮಳೆಗಾಲ; ಮೋಡದ ಮೇಲೆ ಪಣ ಕಟ್ಟಲಾಗದು. ಅದೇ ವರ್ಷ ಡಿಸೆಂಬರ್ 31ರದು ಪೂರ್ಣ ಗ್ರಹಣ. ಸ್ಪರ್ಶ ರಾತ್ರಿ 8.37, ನಿಮೀಲನ 9.46, ಮಧ್ಯ 10.22, ಉನ್ಮೀಲನ 10.58, ಮೋಕ್ಷ 12.06. ಸ್ಪರ್ಶದ ಹೊತ್ತಿಗೆ ಚಂದ್ರ ಪೂರ್ವದಲ್ಲಿ 36 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆರಳು ಕೆಳಗಿನ ಅಂಚಿನಿಂದ ಏರುತ್ತದೆ. ಮಧ್ಯದ ಹೊತ್ತಿಗೆ ಎತ್ತರ 60 ಡಿಗ್ರಿ, ಮೋಕ್ಷದ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಕತ್ತೆತ್ತಿ ನಿಂತು ನೋಡುವವರ ಕುತ್ತಿಗೆ ಹಿಡಿಯುತ್ತದೆ, ಮಾಳಿಗೆಯ ಮೇಲೊಂದು ಹೊರಸು ಹಾಕಿಕೊಳ್ಳುವುದೇ ವಾಸಿ. ಚಂದ್ರ ಅಂದು ನೆರಳಿನ ನಡುವಿಗಿಂತ ಉತ್ತರಕ್ಕೆ ಸರಿದು ಹಾಯುವುದರಿಂದ ಪೂರ್ಣಗ್ರಹಣದಲ್ಲೂ ಉತ್ತರದ ಅಂಚು ತುಸು ಬೆಳಗಿರುತ್ತದೆ, ದಕ್ಷಿಣದ ಭಾಗ ಕಂದುಗೆಂಪು. ಹುಣ್ಣಿಮೆ ಬೆಳಕಿನಲ್ಲಿ ಅಳಿಸಿಹೋಗಿದ್ದ ಕೃತ್ತಿಕೆಯ ಸಣ್ಣ ಚುಕ್ಕೆಗಳೂ ಆಗ ಎದ್ದು ಬರುತ್ತವೆ, ಆದರೆ ಬೀದಿದೀಪದಿಂದ ದೂರವಿದ್ದವರಿಗೆ ಮಾತ್ರ.

ಕಣ್ಣಿಗೆ ಯಾವ ಕನ್ನಡಕವೂ ಬೇಡ. ಸೂರ್ಯಗ್ರಹಣದ ಕನ್ನಡಕ ಹಾಕಿಕೊಂಡರೆ ಚಂದ್ರನೇ ಕಾಣುವುದಿಲ್ಲ. 7×50 ಅಥವಾ 10×50 ಬೈನಾಕ್ಯುಲರ್ ಒಳ್ಳೆಯದು, ಮೊಣಕೈ ಗೋಡೆಗೆ ಊರಿ ಹಿಡಿಯಬೇಕು.

ಮೊಬೈಲಿನಲ್ಲಿ ಚಂದ್ರ ಬಿಳಿ ಬೊಟ್ಟಾಗಿ ಬರುವುದಕ್ಕೆ ಕಾರಣ, ಸುತ್ತಲಿನ ಕತ್ತಲೆ ನೋಡಿ ಫೋನು ತಾನಾಗಿ ಬೆಳಕು ಹೆಚ್ಚಿಸಿಕೊಳ್ಳುವುದು. ತೆರೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು ಬೆಳಕನ್ನು ಕೆಳಗೆಳೆಯಿರಿ. ಕ್ಯಾಮೆರಾ ಇದ್ದವರು ಹುಣ್ಣಿಮೆಯ ಚಂದ್ರನಿಗೆ ಐಎಸ್‌ಒ 100, ಎಫ್/8, 1/250 ಸೆಕೆಂಡಿನಿಂದ ಶುರು ಮಾಡಬಹುದು. ನಿಮೀಲನವಾದ ಮೇಲೆ ಅದೇ ಲೆಕ್ಕದಲ್ಲಿ ತೆಗೆದರೆ ಚಿತ್ರ ಕಪ್ಪು. ಆಗ ಐಎಸ್‌ಒ 1600, ಎಫ್/5.6, ಅರ್ಧದಿಂದ ಒಂದು ಸೆಕೆಂಡು ಬೇಕು, ಸ್ಟ್ಯಾಂಡು ಬೇಕೇ ಬೇಕು. ಅದಕ್ಕಿಂತ ಉದ್ದ ತೆರೆದಿಟ್ಟರೆ ಚಂದ್ರ ಸರಿದು ಚಿತ್ರ ಕಲಸುತ್ತದೆ. ಬೆರಳು ತಾಗಿ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಇಡಿ.

ತೊಗರಿ ರಾಶಿಯ ದಿನಗಳವು, ಹೊಲದಂಚಿನಲ್ಲಿ ಲೆನ್ಸಿಗೆ ಧೂಳು ಕೂರುತ್ತದೆ; ಒರೆಸದೆ ಮೊದಲು ಗಾಳಿ ಊದಿ. ಮೋಕ್ಷದ ಚಿತ್ರ ಬೇಕೆನ್ನುವವರು ಹನ್ನೆರಡಕ್ಕೆ ಮುಂಚೆಯೇ ಕೆಲವು ತೆಗೆದಿಟ್ಟುಕೊಳ್ಳಲಿ. ಕೊನೆಯ ಆರು ನಿಮಿಷ ಹೊಸ ವರ್ಷದ ಪಟಾಕಿ ಹೊಗೆಯ ಪಾಲು.

– ಆಕಾಶ ವೀಕ್ಷಣೆಯ ಆಸಕ್ತರು, ಕಲಬುರಗಿ